ಮಹಾರುದ್ರಪ್ಪನ ಎಡಗೈ

2003ರ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ, ಹುಡಗಿ ಗ್ರಾಮದ ಸೂಗಮ್ಮ ಗಂಡ ಮಹಾರುದ್ರಪ್ಪನ ಸಮಾಧಿಗೆ ಪತ್ರಿ ಏರಿಸಲು ಹೋದಾಗ ಸಮಾಧಿಯ ಒಂದು ಮಗ್ಗುಲು ತೆರೆದಿತ್ತು. ಶವದ ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಕಟ್ಟಿದ್ದ ಕೆಂಪು ವಸ್ತ್ರ ಹೊರಗೆ ಬಿದ್ದಿತ್ತು. ಲಿಂಗವಿರಲಿಲ್ಲ.

ಹುಮನಾಬಾದ್ ಠಾಣೆಯಲ್ಲಿ ಕುರ್ಚಿ ಕೊಟ್ಟರೂ ಆಕೆ ಕೂಡಲಿಲ್ಲ.

"ಬದುಕಿದ್ದಾಗ ಹುಚ್ಚ ಅಂದ್ರು. ಈಗ ಮಣ್ಣಾಗೂ ಬಿಡವಲ್ರು. ಖಾಲಿ ಕೈಲೆ ಶಿವನ ಮುಂದ ಹ್ಯಾಂಗ ನಿಲ್ಲಬೇಕ್ರಿ ಅವರು?"

ಇನ್ಸ್‌ಪೆಕ್ಟರ್ ಗುರುಲಿಂಗ ಸಮಾಧಿ ಅತಿಕ್ರಮಣದ 297ನೇ ಕಲಮಿನಡಿ ಎಫ್‌ಐಆರ್ ಬರೆದರು. ಸಿಟ್ಟಿಗೆ ಪೆನ್ನಿನ ಮೊನೆ ಕಾಗದವನ್ನು ಹರಿಯಿತು. ಅವರ ಎದೆಯ ಮೇಲೂ ಲಿಂಗವಿತ್ತು.

ಮಹಾರುದ್ರಪ್ಪನ ಸಂಗತಿ ತಾಲ್ಲೂಕಿಗೆಲ್ಲ ಗೊತ್ತು. 1994ರಲ್ಲಿ ಲಡಾಖಿನ ಹಿಮದ ಕಾವಲಿನಲ್ಲಿದ್ದಾಗ, ಸದ್ದಿಲ್ಲದ ಬೆಳಕೊಂದು ಗುಡ್ಡದ ಹಿಂದೆ ಇಳಿದು ಮತ್ತೆ ಮೇಲೇರಿದ್ದನ್ನು ಕಂಡೆನೆಂದು ಸೈನ್ಯದ ಹವಾಲ್ದಾರನಾಗಿದ್ದ ಅವನು ಮೇಲಧಿಕಾರಿಗಳಿಗೆ ವರದಿ ಕೊಟ್ಟಿದ್ದ. ಜೊತೆಗೆ ಕಾವಲಿಗಿದ್ದ ಬಸವಕಲ್ಯಾಣದ ವೀರಭದ್ರ ಏನೂ ಕಾಣಲಿಲ್ಲವೆಂದ. ಮಹಾರುದ್ರಪ್ಪನನ್ನು ಹುಚ್ಚರ ವಾರ್ಡಿಗೆ ಹಾಕಿ, ಆಮೇಲೆ ಮನೆಗೆ ಕಳಿಸಿದರು. ಊರಲ್ಲಿ ಅವನ ಹೆಸರು ಹಾರುತಟ್ಟೆ ಎಂದಾಯಿತು. ಬೆಳಕು ಇಳಿದಲ್ಲಿಂದ ಕಲ್ಲು ತಂದು ಅದನ್ನೇ ಪೂಜಿಸುತ್ತಾನೆಂದೂ ಆಡಿಕೊಂಡರು.

ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಗುಂಡಿಯ ಅಂಚು ಗೋಡೆಯಂತೆ ನೇರ. ತೆಗೆದ ಮಣ್ಣನ್ನು ಒಂದೇ ಕಡೆ ಒಟ್ಟಿ ಬಡಿದಿದ್ದರು.

"ಮಿಲಿಟರಿಯವರು ಅಡಗಿ ಕೂಡಾಕ ಮೋರ್ಚಾ ತೋಡೂ ರೀತಿ ಇದು" ಎಂದರು ಗುರುಲಿಂಗ.

"ಈ ಊರಾಗ ಮಿಲಿಟರಿಯವರು ಇವರೊಬ್ರೇ ಸಾಹೇಬ್ರ. ತಾವೇ ಎದ್ದು ತೋಡ್ಕೊಂಡಿರಾಕಿಲ್ಲ" ಎಂದ ಪೇದೆ ಮೊಹಿನುದ್ದೀನ್.

"ಕಲ್ಯಾಣದಾಗ ಇನ್ನೊಬ್ಬ ಅದಾನಲ್ಲ. ಜೀಪು ತೆಗಿ."

ನಿವೃತ್ತನಾಗಿ ಅಂಗಡಿ ಇಟ್ಟಿದ್ದ ವೀರಭದ್ರ ಅಲ್ಲೇ ಸಿಕ್ಕ.

"ಲಿಂಗ ಎಲ್ಲಿ?"

ಅವನು ಜೇಬಿನಿಂದ ಕರವಸ್ತ್ರದ ಗಂಟು ತೆಗೆದಿಟ್ಟ.

"ಯಾಕ ಮಾಡಿದಿ?"

"ಕೈಯಾಗ ಇಟ್ಟಿದ್ದು ಆ ಕಲ್ಲೇ ಅಂತ ತಿಳಿದೆ. ಬೆಳಕು ನಾನೂ ನೋಡಿದ್ದೆ ಸಾಹೇಬ್ರ. ಬಡ್ತಿ ಹೋಗ್ತದಂತ ಇಲ್ಲ ಅಂದೆ. ಅವತ್ತಿನಿಂದ ಕಣ್ಣು ಮುಚ್ಚಿದ್ರ ಅದೇ ಕಾಣ್ತದ. ಕಲ್ಲು ಸಿಕ್ಕಿದ್ರ, ನನಗ ಹುಚ್ಚು ಹಿಡಿದಿಲ್ಲಂತ ಖಾತ್ರಿ ಆಗ್ತಿತ್ತು."

ಗುರುಲಿಂಗ ಗಂಟನ್ನು ಎತ್ತಿಕೊಂಡರು. "ಅಂವ ಇದ್ದಾಗ ಒಂದು ಮಾತು ಆಡಿದ್ರ ಸಾಕಿತ್ತು. ಅದಕ್ಕ ಸಲಿಕಿ ಬೇಕಾಗಿದ್ದಿಲ್ಲ."

ದಸ್ತಗಿರಿಯಾಯಿತು. ನ್ಯಾಯಾಲಯದ ಅಪ್ಪಣೆ ಪಡೆದು ಲಿಂಗವನ್ನು ಹುಡಗಿ ಗ್ರಾಮಕ್ಕೆ ತಂದರು, ಆರೋಪಿಯೂ ಜೊತೆಗಿದ್ದ.

"ಏನು ನೋಡಿದಿ, ಪಂಚರ ಮುಂದ ಹೇಳು" ಎಂದಳು ಸೂಗಮ್ಮ.

"ಬೆಳಕು ಬಂದಿತ್ತು ವೈನಿ. ಇಬ್ಬರೂ ನೋಡಿದ್ವಿ."

"ಅವರು ಅಲ್ಲಿಂದ ತಂದ ಕಲ್ಲು ನಮ್ಮ ಮೊಸರಿನ ಗಡಗಿ ಮ್ಯಾಲ ಮುಚ್ಚಳಾಗಿ ಅದ. ಕೇಳಿದ್ರ ಕೊಡ್ತಿದ್ದೆ."

ಊರ ಮಠದ ಸ್ವಾಮಿಗಳು ಲಿಂಗವನ್ನು ಮತ್ತೆ ಎಡಗೈಗೆ ಕಟ್ಟಿದರು. ಮಣ್ಣು ಮುಚ್ಚಿದರು. ಗುರುಲಿಂಗರು ಟೋಪಿ ತೆಗೆದು ನಿಂತರು. ಸೂಗಮ್ಮ ಕೈಮುಗಿದಳು.

"ಶಿವನೇ, ಕಂಡದ್ದನ್ನ ಕಂಡೆ ಅಂದ ಜೀವ ಇದು. ನಿನ್ನ ಬಯಲಾಗ ಇನ್ನಾದ್ರೂ ಶಾಂತಿ ಕೊಡಪ್ಪಾ."