ಕಪಿಲವೀರನ ಕಾಲರ್

ಬೆಳಗ್ಗೆ ಮುಡುಕುತೊರೆ ಬೆಟ್ಟದ ಬುಡದಲ್ಲಿ ಟ್ರಂಕಿನ ಬೀಗ ತೆಗೆದರೆ, ಸಿನಿಮಾದ ಸೂಪರ್‌ಹೀರೋ ಕಪಿಲವೀರನ ಎದೆಯೇ ಕಳಚಿ ಬಿದ್ದಿತ್ತು! ಉಡುಪಿನ ಸ್ಪಂಜಿನ ಮಾಂಸಖಂಡ ಸುಲಿದು, ಬೂದು ಬಣ್ಣ ಹಕ್ಕಳೆ ಎದ್ದಿತ್ತು. ಶೂಟಿಂಗ್ ನಿಂತಿತು.

ಟಿ. ನರಸೀಪುರದಿಂದ ಎಸ್‌ಐ ಶಿವಾನಿ ಮೇಡಂ ಹೊರಟರು. ಹಿಂದೆ ಪೇದೆ ಶಿವರಾಜು, ಅಂದರೆ ನಾನು. ಅಂಗಿ ಹಾಳಾದರೂ ಪೊಲೀಸರೇ ಬೇಕೆ ಎಂದು ಗೊಣಗಿದ್ದು ನಿಜ.

ಮಂಗಳಗೌರಿಯ ಮುಖ ನೋಡಿದ ಮೇಲೆ ಗೊಣಗಾಟ ನಿಂತಿತು. ಸಿನಿಮಾಕ್ಕೆ ಮೂಲವಾದ ಕಾಮಿಕ್ಸ್‌ನ ಚಿತ್ರ ನೋಡಿ ಆ ಉಡುಪು ಹೊಲಿದವಳು ನಂಜನಗೂಡಿನ ಈ ದರ್ಜಿ. ಇನ್ನೂ ಮೂವತ್ತು ಉಡುಪಿನ ಕೆಲಸ ಅವಳ ಅಂಗಡಿಯ ಎಂಟು ಹೆಂಗಸರಿಗೆ ಸಿಗುವುದಿತ್ತು.

"ಅಂಟು ಕಳಪೆ, ಅಷ್ಟೇ. ಬೆಂಗಳೂರಲ್ಲೇ ಹೊಲಿಸೋಣ," ಎಂದ ಉಡುಪಿನ ಉಸ್ತುವಾರಿ ನಟರಾಜ್.

"ಕಳಪೆ ಅಲ್ಲ ಕಣ್ರೀ! ಮೂರ್ ದಿನ ಒಣಗಾಕಿವ್ನಿ!" ಎಂದಳು ಮಂಗಳಗೌರಿ.

"ಟ್ರಂಕಿನ ಕೀಲಿ?" ಮೇಡಂ ಕೇಳಿದರು.

"ನನ್ನ ಹತ್ರ ಮಾತ್ರ. ನೆನ್ನೆ ಟ್ರಯಲ್ ಆದ್ಮೇಲೆ ಯಾರೂ ಮುಟ್ಟಿಲ್ಲ. ಹನಿ ನೀರೂ ಸೋಕಿಲ್ಲ," ಎಂದ ನಟರಾಜ್.

ಕಾಮಿಕ್ಸ್ ಬರೆದ ಅಮೃತೇಶ್ ಮುಖ ಗಂಟಿಕ್ಕಿ ನಿಂತಿದ್ದ.

"ಈ ಉಡುಪಿನ ಮೇಲೆ ನಿಮಗೆ ಸಿಟ್ಟಿತ್ತಂತೆ?"

"ಇತ್ತು ಮೇಡಂ. ನನ್ನ ವೀರನ ಎದೇಲಿ ಹಳದಿ ಸೂರ್ಯ ಇದ್ದ. ಪರದೆ ಮೇಲೆ ಹಾಸ್ಯವಾಗಿ ಕಾಣುತ್ತೆ ಅಂತ ನಿರ್ದೇಶಕರು ಬೂದು ಮಾಡಿಸಿದ್ರು. ಆದ್ರೆ ಹೊಲಿದವಳ ಹೊಟ್ಟೆ ಮೇಲೆ ಹೊಡೆಯೋನಲ್ಲ ನಾನು."

"ಮದನ್, ನೆನ್ನೆ ಹಾಕಿದ್ದು ನೀವು. ಏನಾದ್ರೂ ಕಂಡಿತಾ?"

"ಏನಿಲ್ಲ. ಬಿಚ್ಚಿದಾಗ ಕುತ್ತಿಗೆಗೆ ಹಳದಿ ಮೆತ್ತಿತ್ತು," ಎಂದ ನಾಯಕನಟ.

"ಅರಿಸಿನ ಸಾ," ಎಂದಳು ಮಂಗಳಗೌರಿ. "ಹೊಸ ಬಟ್ಟೆ ಅಲ್ವಾ? ಕಾಲರ್ ಒಳಗೆ ಒಂಚೂರು ಇಡ್ದೆ ಯಾರ್ಗೂ ಕೊಡಾಕಿಲ್ಲ."

ಮೇಡಂ ಕಾಲರ್ ಮಗುಚಿದರು. ಅರಿಸಿನದ ಬೊಟ್ಟು ಕೆಂಪಗಿತ್ತು!

"ಶಿವರಾಜು, ಆರತಿ ನೀರು ಹೇಗೆ ಕೆಂಪಾಗುತ್ತೆ?"

"ಅರಿಸಿನಕ್ಕೆ ಸುಣ್ಣ ಬೆರೆಸಿದ್ರೆ, ಮೇಡಂ."

"ಬಟ್ಟೆ ಒಗೆಯೋ ಸೋಡಾ ಬೆರೆತರೂ ಅಷ್ಟೇ." ಊಟದ ಟೇಬಲಿನಿಂದ ನಿಂಬೆ ಹೋಳು ತರಿಸಿ ಹಿಂಡಿದರು. ಕೆಂಪು ಮತ್ತೆ ಹಳದಿಗೆ ತಿರುಗಿತು. "ನೆನ್ನೆ ಹಳದಿ, ಇವತ್ತು ಕೆಂಪು. ನಡುವೆ ಯಾರೋ ಇದನ್ನ ಬಿಸಿನೀರು, ಸೋಡಾದಲ್ಲಿ ನೆನೆಸಿ, ಅಂಟು ಬಿಡಿಸಿ ಒಣಗಿಸಿದ್ದಾರೆ. ಹನಿ ನೀರೂ ಸೋಕಿಲ್ಲ ಅಂದವರು, ಕೀಲಿ ಇದ್ದವರು ಒಬ್ಬರೇ. ನಟರಾಜ್, ಬೆಂಗಳೂರಲ್ಲಿ ನೀವು ಹೊಲಿಸೋಣ ಅಂದ ಅಂಗಡಿ ಯಾರದು?"

ನಟರಾಜ್ ಕೀಲಿ ತೆಗೆದು ಮೇಡಂ ಕೈಗಿಟ್ಟ. "ನನ್ನ... ಭಾಮೈದಂದು."

ನನಗೆ ಮೈಯೆಲ್ಲ ಉರಿಯಿತು. ಅವನ ರಟ್ಟೆ ಹಿಡಿದು ಜೀಪಿನತ್ತ ನಡೆಸಿದೆ.

ನಿರ್ದೇಶಕರು ಕೈಮುಗಿದರು. "ಅಮ್ಮಾ, ಮೂವತ್ತೂ ನೀವೇ ಹೊಲೀರಿ. ಮೊದಲು ಇದನ್ನ ಸರಿ ಮಾಡಿಕೊಡ್ತೀರಾ?"

ಮಂಗಳಗೌರಿ ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸಿದಳು. ಅಮೃತೇಶ್ ಅವಳ ಪಕ್ಕದಲ್ಲೇ ಕೂತ.

"ಅಕ್ಕಾ, ಈ ಸಲ ಅರಿಸಿನಾನ ಒಳಗೆ ಬಚ್ಚಿಡಬೇಡಿ. ಎದೆ ಮೇಲೇ ಇಡಿ, ಸೂರ್ಯನಷ್ಟು ಅಗಲ."

ನಿರ್ದೇಶಕರು ಬೇಡ ಅನ್ನಲಿಲ್ಲ.