ಭೇಷಾಸುರನ ಚಿತ್ರಶಾಲೆ

ಏಳು ಕೆರೆಗಳಾಚೆ, ರಂಗಾವತಿ ಎಂಬ ರಾಜ್ಯದಲ್ಲಿ, ಒಂದಾನೊಂದು ಕಾಲಕ್ಕೆ ಭೇಷಾಸುರನೆಂಬ ಮಾಂತ್ರಿಕನಿದ್ದ. ಅನ್ನ ಬೇಡ, ನೀರು ಬೇಡ, ಹೊಗಳಿಕೆಯೇ ಅವನ ಊಟ. ಅದಕ್ಕೆಂದೇ ದೊಡ್ಡ ಚಿತ್ರಶಾಲೆ ಕಟ್ಟಿಸಿ, ನಾಡಿನ ಕಲಾವಿದರನ್ನೆಲ್ಲ ಕರೆಸಿ, ಅವರ ಕೆಲಸಗಳನ್ನು ಪ್ರದರ್ಶನಕ್ಕಿಟ್ಟ. ಜನ ಬಂದರು. ಸರಿಯಾಗಿ ನೋಡದೆಯೇ "ಭೇಷ್! ಭೇಷ್!" ಎಂದರು. ಒಂದೊಂದು ಭೇಷಿಗೂ ಮಾಂತ್ರಿಕ ಒಂದೊಂದು ಗೇಣು ಬೆಳೆದ. ಕಲಾವಿದರು ತಮ್ಮ ತಮ್ಮ ಕೆಲಸದ ಪಕ್ಕದಲ್ಲೇ ಕಲ್ಲಾಗುತ್ತ ಹೋದರು.

ಈಚೆಗೆ ಅರಮನೆಗೆ ಗೊಂಬೆ ಮಾಡುತ್ತಿದ್ದ ಹಂಪಣ್ಣನೂ ಕಲ್ಲಾದ. ಸುದ್ದಿ ತಿಳಿದ ಅವನ ಹೆಂಡತಿ ಚಂಪವ್ವ, ಬಣ್ಣ ಅರೆಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟಳು. ಬಾಗಿಲಲ್ಲಿ ಹುಲಿಯ ಕಾವಲಿತ್ತು.

"ಕಂಡದ್ದನ್ನು ಕಂಡ ಹಾಗೆ ಹೇಳು," ಎಂದಿತು ಹುಲಿ. "ಮೂರು ಕಡೆ ನಿಜ ಹೇಳಿದರೆ ಎಲ್ಲರೂ ಬದುಕುತ್ತಾರೆ. ಒಂದು ಸುಳ್ಳಾಡಿದೆಯೋ, ನೀನೂ ಕಲ್ಲು."

"ಆಗಲಪ್ಪ," ಎಂದಳು ಚಂಪವ್ವ. ಒಳಗೆ ಕಾಲಿಟ್ಟಳು.

ಮೊದಲು ಸಿಕ್ಕಿದ್ದು ಗೋಡೆಗೆ ತೂಗುಹಾಕಿದ ಒಂದು ಕೌದಿ. ಚಂಪವ್ವ ಮುಟ್ಟಿ ನೋಡಿದಳು. "ನಡುವ ಬಾಳ ಚೆಂದ ಐತಿ. ಅಂಚಿಗೆ ಬರೋದ್ರಾಗ ಕೈ ಸೋತೈತಿ."

"ಹೌದವ್ವ, ಸೋತಿತ್ತು," ಎಂದು ಅದನ್ನು ಹೊಲಿದ ಮುದುಕಿ ಕಲ್ಲಿನೊಳಗಿಂದಲೇ ಉಸಿರು ಬಿಟ್ಟಳು. ಅಲ್ಲೇ ಸೂರು ಮುಟ್ಟುವಷ್ಟು ಬೆಳೆದು ನಿಂತಿದ್ದ ಮಾಂತ್ರಿಕ ಅರ್ಧಕ್ಕಿಳಿದ.

ಎರಡನೆಯ ಕಡೆ ಒಡೆದ ಮಡಕೆಯ ಚೂರುಗಳನ್ನು ದಾರ ಕಟ್ಟಿ ಸೂರಿನಿಂದ ಇಳಿಬಿಟ್ಟಿದ್ದರು. ಚಂಪವ್ವನಿಗೆ ತಲೆಬುಡ ಹತ್ತಲಿಲ್ಲ. ಸುತ್ತಲಿನವರು ಮಾತ್ರ ಬಲ್ಲವರ ಹಾಗೆ ತಲೆದೂಗುತ್ತಿದ್ದರು. ತಿಳಿಯದ್ದಕ್ಕೆ ತಲೆದೂಗುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳು ಬಹಳ ಹೊತ್ತು ನಿಂತು ನೋಡಿದಳು.

"ನನಗ ತಿಳೀಲಿಲ್ಲ. ಆದ್ರ ಇದರ ಕೆಳಗ ನಿಂತ್ರ ಬಾಯಾರತೈತಿ."

"ಅಷ್ಟಾದರೆ ಸಾಕು ತಾಯಿ," ಎಂದ ಕಲ್ಲಾಗಿದ್ದ ಕುಂಬಾರ. ಮಾಂತ್ರಿಕ ಮೊಳದುದ್ದವಾದ.

ಮೂರನೆಯದು ಗಂಡ ಮಾಡಿದ ಮರದ ಕುದುರೆ. ಮೈತುಂಬ ಬಂಗಾರದ ರೇಕು. ಎಲ್ಲಕ್ಕಿಂತ ಹೆಚ್ಚು ಭೇಷ್ ಬಿದ್ದದ್ದು ಅದಕ್ಕೇ. ಇಪ್ಪತ್ತು ವರ್ಷ ಅವನಿಗೆ ಬಣ್ಣ ಅರೆದುಕೊಟ್ಟವಳು ಅವಳು. ಅವನ ಕೆಲಸದ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿದವಳಲ್ಲ.

"ಚೆಂದವಿದೆ ಅಂದುಬಿಡು," ಎಂದು ಮಾಂತ್ರಿಕ ಪುಸಲಾಯಿಸಿದ. "ನಿಜ ಕೇಳಿದರೆ ಅವನ ಎದೆ ಒಡೆದೀತು."

ಅವಳಿಗಿದ್ದ ಭಯವೂ ಅದೇ. ಕಲ್ಲಾದ ಗಂಡನ ಕೈ ಹಿಡಿದು, ಅಳುತ್ತಲೇ ಹೇಳಿದಳು: "ಇದು ಚೆಂದಿಲ್ರಿ. ಓಣಿ ಮಕ್ಕಳಿಗೆ ನೀವು ಮಾಡಿದ ಕುದುರಿ ಓಡತಿದ್ವು. ಅರಮನಿಗೆ ಮಾಡಾಕ ಹತ್ತಿದ ಮ್ಯಾಲೆ ಎಲ್ಲಾ ನಿಂತಬಿಟ್ಟಾವ."

ಭೇಷಾಸುರ ಗೇಣಾದ, ಸಾಸಿವೆಯಾದ, ಇಲ್ಲವಾದ. ಕಲ್ಲಾದವರೆಲ್ಲ ಮೈಮುರಿದು ಎದ್ದರು. ಆಮೇಲೆ ರಂಗಾವತಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಕಲಾವಿದರು ಮಾತ್ರ ನಡುನಡುವೆ ಅಷ್ಟಿಷ್ಟು ಜಗಳವಾಡಿಕೊಂಡು ಬಾಳಿದರು.

ಆ ದಿನ, ಕಲ್ಲಿನಿಂದೆದ್ದ ಹಂಪಣ್ಣ ತನ್ನ ಕುದುರೆಯ ಮುಂದೆ ಕೂತುಬಿಟ್ಟಿದ್ದ.

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

"ನೀವು ಕೇಳಲಿಲ್ಲಲ್ರಿ," ಎಂದಳು ಚಂಪವ್ವ.

ಹಂಪಣ್ಣ ಜರುಗಿ ಪಕ್ಕದಲ್ಲಿ ಜಾಗ ಬಿಟ್ಟ. "ಕೂಡು," ಎಂದ. "ಈಗ ಕೇಳತೀನಿ."