ಒಂದು ಗೇಣು ಆಚೆ

"ನಡುವಿಗೆ ಸರಿಯಾಗಿ ಮಾತ್ರ ನಿಲ್ಲಿಸ್ಬೇಡಮ್ಮ. ಒಂದು ಗೇಣು ಆಚೆ ನಿಲ್ಸು, ಇಲ್ಲ ಈಚೆ ನಿಲ್ಸು."

ಟೆಂಪೋಗೆ ಹಗ್ಗ ಬಿಗಿಯುತ್ತಿದ್ದವಳು ತಿರುಗಿ ನೋಡಿದಳು. ಹಳೆಯ ಮರದ ಸಾಮಾನಿನ ಅಂಗಡಿಯ ಮುದಿ ಬಡಗಿ ಊಟವನ್ನು ಅರ್ಧಕ್ಕೇ ಬಿಟ್ಟು ಎಂಜಲು ಕೈಯಲ್ಲೇ ಓಡಿಬಂದಿದ್ದ. ಅವನು ಉಣ್ಣಲು ಹೋದ ಹೊತ್ತಿನಲ್ಲಿ ಅವನ ಅಳಿಯ ಮಾರಿಬಿಟ್ಟಿದ್ದ ಮರದ ತೆರೆ ಆಗಲೇ ಗಾಡಿ ಏರಿತ್ತು. ನಾಲ್ಕು ಮಡಿಕೆ, ಆಳೆತ್ತರ, ಕರಿಮರದ ತುಂಬ ಬಳ್ಳಿಯ ಕೆತ್ತನೆ. ಒಂದು ಕೋಣೆಯನ್ನು ಎರಡು ಮಾಡಲು ಅದಕ್ಕಿಂತ ಚೆಲುವಾದ ವಸ್ತು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಮನೆಗಳ ಒಳಗನ್ನು ಸಿಂಗರಿಸುವುದು ಅವಳ ಕಸುಬು. ಸೊಂಟಕ್ಕೆ ಸದಾ ಹಳದಿ ಅಳತೆಪಟ್ಟಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಕೆಲಸಗಾರರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಅವಳಿಗೂ ಅದು ಇಷ್ಟವೇ. ಕೂದಲೆಳೆಯಷ್ಟು ಓರೆಯಾದ ಕಪಾಟನ್ನು ಬಿಚ್ಚಿಸಿ ಮತ್ತೆ ಕೂರಿಸಿದ ಹೆಂಗಸು ಅವಳು.

"ಗೇಣಲ್ಲಿ ಅಳೆಯೋ ಕಾಲ ಹೋಯ್ತಜ್ಜ," ಎಂದು ನಕ್ಕಳು. "ಒಂದು ಗೇಣಿಗೆ ಏನಾಗಿಬಿಡುತ್ತೆ?"

"ಮರಗೆಲಸ ನಮ್ಮಪ್ಪಂದು, ಮಾಟ ಬೇರೆಯವರದ್ದು." ಮುದುಕ ಹಗ್ಗವನ್ನು ಬಿಡಲಿಲ್ಲ. "ಅಣ್ಣ ತಮ್ಮ ಇಬ್ಬರು ನಡುಮನೆ ಹಂಚಿಕೊಳ್ಳೋಕೆ ಮಾಡಿಸಿದ್ದು. ಒಂದೆಳೆ ಹೆಚ್ಚುಕಮ್ಮಿ ಆಗಬಾರದು ಅಂತ ಮಾಟಗಾರನ್ನ ಕರೆಸಿ ಕಟ್ಟಿಸಿದ್ರು. ಸರಿಯಾಗಿ ನಡುವಿಗೆ ನಿಂತ್ರೆ ಇದು ಏಳುತ್ತೆ. ಎರಡೂ ಕಡೆಗೆ ಸೇರಿದ್ದನ್ನ ಭಾಗ ಮಾಡುತ್ತೆ."

"ಹಾಗಾದ್ರೆ ವಕೀಲರ ಮನೆಗೆ ಅಲೆಯೋದು ತಪ್ಪಿತು ಬಿಡಿ."

ಮುದುಕ ನಗಲಿಲ್ಲ. "ಅವರಮ್ಮ ಇಬ್ಬರಿಗೂ ಸೇರಿದೋಳು ಕಣಮ್ಮ," ಎಂದಷ್ಟೇ ಹೇಳಿ ಹಗ್ಗ ಬಿಟ್ಟ.

ತೆರೆ ತಂಗಿಯ ಮನೆಗೆ. ತಂಗಿ ಬಟ್ಟೆ ಹೊಲಿಯುವವಳು. ಅವಳ ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಕಾಣುವವನಲ್ಲ. ಇಪ್ಪತ್ತನಾಲ್ಕು ಅಡಿಯ ಒಂದೇ ನಡುಮನೆಯಲ್ಲಿ ತೊಟ್ಟಿಲು, ಹಾಸಿಗೆ, ಹೊಲಿಗೆ ಯಂತ್ರ, ಅಳತೆ ಕೊಡಲು ಬರುವ ಹೆಂಗಸರು ಎಲ್ಲ ಕಲಸುಮೇಲೋಗರ. ಹತ್ತು ತಿಂಗಳ ಪುಟ್ಟಿ ಅಂಬೆಗಾಲಿಕ್ಕಿ ಹೋಗಿ ಸೂಜಿಯ ಡಬ್ಬಕ್ಕೇ ಕೈ ಹಾಕುತ್ತಿತ್ತು. ಟೇಪಕ್ಕನಿಗೆ ಮಕ್ಕಳಿಲ್ಲ. ಪುಟ್ಟಿಯೆಂದರೆ ಅವಳಿಗೆ ಜೀವ, ಅದನ್ನವಳು ಮುಚ್ಚಿಡುತ್ತಲೂ ಇರಲಿಲ್ಲ.

ಅಳತೆಪಟ್ಟಿ ಎಳೆದಳು. ಹಿಂದಕ್ಕೆ ಹನ್ನೆರಡು ಅಡಿ, ಮುಂದಕ್ಕೆ ಹನ್ನೆರಡು. ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ತೆರೆಯನ್ನು ಅದರ ಮೇಲೆ ನಿಲ್ಲಿಸಿದಳು. ಹಿಂದಿನ ಭಾಗ ತಾಯಿ ಮಗಳಿಗೆ, ಮುಂದಿನದು ಹೊಲಿಗೆಗೆ. ಪುಟ್ಟಿ ಕೆತ್ತನೆಯ ಸಂದಿಗೆ ಬೆರಳು ತೂರಿಸದಂತೆ ಹಿಂಬದಿಗೆ ಹಳದಿ ಬಟ್ಟೆ ಬಿಗಿದಳು. ಮುಂಬದಿಗೆ ಎತ್ತರದ ಬೆತ್ತದ ಸ್ಟೂಲು, ಅದರ ಮೇಲೆ ಗಾಜಿನ ಸೀಸೆಯಲ್ಲಿ ಹಸಿರು ಬಳ್ಳಿ. ತೆರೆಯ ಕಾಲುಗಳ ನಡುವೆ, ನೆಲದ ಮೇಲೆ, ಒಂದಡಿ ಸಂದಿತ್ತು. ಪುಟ್ಟಿ ಅದರಲ್ಲಿ ತೂರಿ ಈ ಕಡೆ ಇಣುಕಿ ಕೇಕೆ ಹಾಕಿತು. ಬಿಸಿಲು ಮರಕ್ಕೆ ಬಿದ್ದಿತು.

"ಅಕ್ಕ, ಏನೋ ಕೂದಲು ಸುಟ್ಟ ವಾಸನೆ."

"ಹಳೇ ಪಾಲಿಶ್ ಕಣೆ. ಎರಡು ದಿನ ಕಿಟಕಿ ತೆಗೆದಿಡು, ಹೋಗುತ್ತೆ."

ವಾಸನೆ ಹೋಗಲಿಲ್ಲ. ಮರುದಿನ ನೀರಿನ ಹೂಜಿ ನೆತ್ತಿಯಿಂದ ತಳದವರೆಗೆ ಸೀಳಿ ಎರಡು ಹೋಳಾಯಿತು. ಕೈ ಜಾರಿರಬೇಕು ಎಂದುಕೊಂಡರು. ಅದರ ಮರುದಿನ ಎರಡೂ ಕಡೆಯವರು ಮುಖ ನೋಡಿಕೊಳ್ಳುತ್ತಿದ್ದ ದುಂಡುಗನ್ನಡಿ. ನಾಲ್ಕನೆಯ ದಿನ, ಹಾಡುಹಗಲಲ್ಲಿ, ಒಳಗೆಲ್ಲೋ ಗರಗಸ ಆಡಿದ ಸದ್ದಾಯಿತು. ತಂಗಿ ಯಂತ್ರ ನಿಲ್ಲಿಸಿ ಎದ್ದು ಬಂದಳು. ಎರಡೂ ಕಡೆ ಹಾಲಿಗಾಗಿ ಸುಳಿಯುತ್ತಿದ್ದ ಬೀದಿಯ ಬೆಕ್ಕು ತೆರೆಯ ಕೆಳಗೆ ಬಿದ್ದಿತ್ತು. ಮೂಗಿನಿಂದ ಬಾಲದವರೆಗೆ ಉದ್ದಕ್ಕೆ ಸೀಳಿತ್ತು. ಅರ್ಧ ಆ ಕಡೆ, ಅರ್ಧ ಈ ಕಡೆ. ಒಂದೊಂದು ಹೋಳಿನಲ್ಲೂ ಒಂದೊಂದು ಕಣ್ಣು ಇನ್ನೂ ಮಿಟುಕುತ್ತಿತ್ತು.

ತಂಗಿ ಫೋನಿನಲ್ಲಿ ಅಳುತ್ತಿದ್ದುದು ಬೆಕ್ಕಿಗಾಗಿ ಅಲ್ಲ.

ಟೇಪಕ್ಕ ಬಂದು ನೋಡಿದಳು. ಪುಟ್ಟಿಯ ಹಣೆಯ ನಡುವಿನಿಂದ ಮೂಗಿನ ಮೇಲೆ ಹಾದು, ಗಲ್ಲ ಇಳಿದು, ಹೊಕ್ಕುಳಿನವರೆಗೆ ಒಂದು ಕೆಂಪು ಗೆರೆ. ಬಡಗಿ ಬಣ್ಣದ ನೂಲು ತಟ್ಟಿ ಗೆರೆ ಹಾಕಿದಂತೆ ನೆಟ್ಟಗಿತ್ತು. ಡಾಕ್ಟರು ಎಲ್ಲೋ ಗೀರಿಕೊಂಡಿದೆ ಎಂದು ಮುಲಾಮು ಕೊಟ್ಟಿದ್ದರು. ಮುಲಾಮಿನ ಕೆಳಗೆ ಗೆರೆ ಸಣ್ಣಗೆ ಬಾಯಿ ಬಿಡುತ್ತಿತ್ತು.

ಮಲಗುವುದು ಆ ಕಡೆ, ಆಡುವುದು ಈ ಕಡೆ. ಮಗು ಎರಡೂ ಕಡೆಗೆ ಸೇರಿದ್ದು. ಟೇಪಕ್ಕನಿಗೆ ಮುದುಕನ ಮಾತು ನೆನಪಾಯಿತು.

ತೆರೆಯನ್ನು ಒಂದು ಗೇಣು ಸರಿಸಿದಳು. ಬೆನ್ನು ತಿರುಗಿಸಿ ನೋಡುವಷ್ಟರಲ್ಲಿ ಅದು ಹನ್ನೆರಡಕ್ಕೆ ನಿಂತಿತ್ತು. ಇಬ್ಬರು ಆಳುಗಳನ್ನು ಕರೆಸಿ ಬೀದಿಗೆ ಹೊರಿಸಿದಳು. ಅವರು ಬೆವರು ಒರೆಸಿಕೊಂಡು ಒಳಬಂದರೆ ಹಳದಿ ಬಟ್ಟೆಯ ಸಮೇತ ಅದು ಗೆರೆಯ ಮೇಲಿತ್ತು. ಆಳುಗಳು ಚಪ್ಪಲಿ ಹುಡುಕಲೂ ನಿಲ್ಲಲಿಲ್ಲ. ಪುಟ್ಟಿಯನ್ನೆತ್ತಿಕೊಂಡು ತಂಗಿ ಬಸ್ ನಿಲ್ದಾಣದವರೆಗೆ ಓಡಿದಳು. ಒಂದೊಂದು ಹೆಜ್ಜೆಗೂ ಗೆರೆ ಅಗಲವಾಯಿತು. ಎದೆಯೆಲ್ಲ ರಕ್ತ ಮಾಡಿಕೊಂಡು ವಾಪಸು ಬಂದಳು.

"ನೀನೇ ತಂದದ್ದು ಅಕ್ಕ. ನೀನೇ ಏನಾದ್ರೂ ಮಾಡು."

ಆ ಮಾತು ನಾಟಿತು. ಟೇಪಕ್ಕ ಗೋಡೆಗಳನ್ನು ನೋಡಿದಳು. ತೆರೆ ನಡುವನ್ನು ಬಿಡುವುದಿಲ್ಲ. ಸರಿ, ನಡುವೇ ಜಾಗ ಬಿಟ್ಟರೆ? ನಡುಮನೆಯ ಮುಂದೆ ಎದೆಮಟ್ಟದ ಇಟ್ಟಿಗೆ ಗೋಡೆ, ಅದರ ಮೇಲೆ ಗಾಜು, ಅದರಾಚೆ ಚಿಂದಿಬಟ್ಟೆಯ ಮೂಟೆ ತುಂಬಿದ ಆರಡಿಯ ವರಾಂಡ. ಆ ಗೋಡೆ ಬಿದ್ದರೆ ಕೋಣೆ ಮೂವತ್ತು ಅಡಿಯಾಗುತ್ತದೆ. ನಡು ಹದಿನೈದಕ್ಕೆ ಹೋಗುತ್ತದೆ. ತೆರೆ ಅಲ್ಲಿಗೆ ಓಡಬೇಕು, ಹಂಚಿಕೆಯನ್ನು ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಮಗುವನ್ನು ಒಂದೇ ಕಡೆಗೆ ಸೇರಿಸಿಬಿಟ್ಟರೆ ಸಾಕು.

ಹದಿನೈದಕ್ಕೆ ಹೊಸ ಗೆರೆ ಎಳೆದಳು. ಅಳತೆಪಟ್ಟಿ ಹಾಗೇ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು.

"ನೀನು ಹಿಂದಿನ ಗೋಡೆಗೆ ಆತ್ಕೊಂಡು ಕೂತ್ಕೋ. ಪುಟ್ಟಿನ ಬಿಡಬೇಡ. ಏನೇ ಆದ್ರೂ ಬಿಡಬೇಡ."

ದೊಡ್ಡ ಸುತ್ತಿಗೆ ಎತ್ತಿದಳು. ಮೊದಲು ಗಾಜು. ಚೂರು ಕೆನ್ನೆಗೆ ಚುಚ್ಚಿತು. ಬಿಡಲಿಲ್ಲ. ಇಟ್ಟಿಗೆ. ಇನ್ನೊಂದು. ಸುಣ್ಣದ ಧೂಳು ಬಾಯಿಗೆ, ಕಣ್ಣಿಗೆ. ಹಿಂದೆ ಗರಗಸ ಆಡತೊಡಗಿತು. ಕರ್. ಕರ್. ಪುಟ್ಟಿ ಕಿರುಚಿತು. ಅವಳು ಹೊಡೆದಳು. ಅಂಗೈ ಸುಲಿಯಿತು. ಹೊಡೆದಳು. ತಂಗಿ ಕಿರುಚಿದಳು. ಹೊಡೆದಳು. ಗೋಡೆ ಬಾಗಿತು, ಧಡ್ಡೆಂದು ಹೊರಕ್ಕೆ ಬಿತ್ತು.

ಗರಗಸ ನಿಂತಿತು.

ತೆರೆ ನಡುಗಿತು. ನಾಲ್ಕು ಮಡಿಕೆಗಳೂ ಪಟಪಟ ಬಡಿದುಕೊಂಡವು. ಹಳದಿ ಬಟ್ಟೆ ಹರಿದು ಜೋತುಬಿತ್ತು. ಮರದ ಕಾಲುಗಳು ನೆಲ ಕೆರೆಯುತ್ತ ಮುಂದಕ್ಕೆ ಹೊರಟವು. ಹದಿಮೂರು. ಕೂದಲು ಸುಟ್ಟ ವಾಸನೆಗೆ ಉಸಿರು ಕಟ್ಟಿತು. ಟೇಪಕ್ಕನಿಗೆ ನಗು ಬಂತು, ಅಳುವೂ ಬಂತು. ಆಗಲೇ ತಂಗಿಯ ಕೂಗು ಕೇಳಿತು.

ರಕ್ತದಲ್ಲಿ ಜಾರಿ ಪುಟ್ಟಿ ತೋಳಿನಿಂದ ಇಳಿದುಬಿಟ್ಟಿತ್ತು. ನೆಲದ ಮೇಲಿನ ಹಳದಿ ಪಟ್ಟಿ ಅದಕ್ಕೆ ಮೊದಲಿನಿಂದಲೂ ಪ್ರೀತಿಯ ಆಟಿಕೆ. ಅದನ್ನೇ ಹಿಡಿದು ಅಂಬೆಗಾಲಿಕ್ಕುತ್ತ ತೆರೆಯ ಕೆಳಗೆ ತೂರಿ ಮುಂದೆ ಬಂದಿತ್ತು. ದೊಡ್ಡಮ್ಮನ ಕಡೆಗೆ. ಹಿಂದೆ ತೆರೆ. ಹದಿನಾಲ್ಕು.

ಅವಳು ಓಡಿದಳು. ಗೆರೆಯಾಚೆಗೆ ಕೈ ಚಾಚಿದಳು. ಪುಟ್ಟಿಯ ಅಂಗಿ ಹಿಡಿದಳು. ಎಳೆದಳು. ಎಡಗೈಯಿಂದ ಮಗುವನ್ನು ಬೆನ್ನ ಹಿಂದಕ್ಕೆ ತಳ್ಳಿ, ಏಳಲು ಬಲಮುಷ್ಟಿಯನ್ನು ನೆಲಕ್ಕೂರಿದಳು. ಬೆರಳುಗಳು ಗೆರೆಯಂಚಿಗಿದ್ದವು. ಈಚೆಗೇ ಇದ್ದವು. ಅಳೆದ ಗೆರೆ. ಅವಳೇ ಅಳೆದದ್ದು.

ತೆರೆ ಗೆರೆಗೆ ಬಂತು. ನಿಲ್ಲಲಿಲ್ಲ.

ಗೋಡೆಯ ದಪ್ಪ! ಬಿದ್ದ ಗೋಡೆ ಅರ್ಧ ಅಡಿ ದಪ್ಪವಿತ್ತು. ಕೋಣೆ ಮೂವತ್ತಲ್ಲ, ಮೂವತ್ತೂವರೆ. ನಡು ಹದಿನೈದಲ್ಲ. ಅದರಿಂದ ಇನ್ನೂ ಮೂರು ಇಂಚು ಮುಂದೆ. ಅವಳ ಮುಷ್ಟಿ ಆ ಕಡೆಗೆ ಸೇರಿತ್ತು, ಮೈ ಈ ಕಡೆಗೆ. ನೂಲೆಳೆ ಓರೆಯಾಗಲು ಬಿಡದವಳು ಗೋಡೆಯನ್ನೇ ಲೆಕ್ಕದಲ್ಲಿ ಬಿಟ್ಟಿದ್ದಳು. ಅದು ತಿಳಿಯುವುದಕ್ಕೂ ಗರಗಸ ಮಣಿಕಟ್ಟಿನ ಮೇಲಿಳಿಯುವುದಕ್ಕೂ ಸರಿಹೋಯಿತು. ಕರ್. ಎಲುಬು. ಕರ್. ಅವಳ ಕೂಗು ಬೀದಿಯವರೆಗೆ ಕೇಳಿತು. ಕೈ ತೆರೆಯ ಆ ಕಡೆ ಉಳಿಯಿತು, ಅವಳು ಈ ಕಡೆ. ಕತ್ತರಿಸಿದ ಬೆರಳುಗಳು ಪುಟ್ಟಿಯ ಅಂಗಿಯ ಅಂಚನ್ನು ಹಿಡಿದಿದ್ದ ಹಾಗೇ ಮಡಚಿಕೊಂಡಿದ್ದವು.

ಮರುದಿನ ಮುದಿ ಬಡಗಿ ಬಂದು ತೆರೆಯನ್ನು ಮಡಚಿ ಕಟ್ಟಿಕೊಂಡು ಹೋದನಂತೆ. ಅದು ಕುರಿಯ ಹಾಗೆ ಸುಮ್ಮನೆ ಹೋಯಿತಂತೆ. "ಮನುಷ್ಯರ ಪಾಲು ಸಿಕ್ಕಿದ ಮೇಲೆ ಮಲಗುತ್ತೆ," ಎಂದು ತಂಗಿಗೆ ಹೇಳಿದನಂತೆ. "ಮತ್ತೆ ಯಾರಾದ್ರೂ ನಡುವಿಗೆ ನಿಲ್ಲಿಸೋವರೆಗೂ."

ಆಸ್ಪತ್ರೆಯ ಉದ್ದ ವಾರ್ಡಿನಲ್ಲಿ ಟೇಪಕ್ಕ ಕಣ್ಣು ಬಿಟ್ಟಾಗ ಮಧ್ಯಾಹ್ನದ ಬಿಸಿಲಿತ್ತು. ಬಲಗೈ ಇದ್ದಲ್ಲಿ ಬಿಳಿ ಬಟ್ಟೆಯ ಉಂಡೆ. ಪಕ್ಕದಲ್ಲಿ ತಂಗಿ, ಮಡಿಲಲ್ಲಿ ಪುಟ್ಟಿ. ಮಗುವಿನ ಮುಖದ ಗೆರೆ ಮುಚ್ಚಿಕೊಂಡು ತೆಳ್ಳಗೆ ಬೆಳ್ಳಗಾಗಿತ್ತು. ಅದನ್ನು ನೋಡಿ ಅವಳಿಗೆ ಕೈ ಹೋದದ್ದು ಮರೆತೇಹೋಯಿತು. ಪುಟ್ಟಿ ಕೆಳಗಿಳಿಯಲು ಹಟ ಹಿಡಿದು, ಇಳಿದು, ಪಕ್ಕದ ಹಾಸಿಗೆಯ ಅಜ್ಜಿಯ ಕಡೆಗೂ ಈ ಕಡೆಗೂ ಅಂಬೆಗಾಲಿಕ್ಕತೊಡಗಿತು.

ಆಗ ನರ್ಸಮ್ಮ ಗಾಲಿಯ ಮೇಲಿನ ಹಸಿರು ಬಟ್ಟೆಯ ತೆರೆಯೊಂದನ್ನು ತಳ್ಳಿಕೊಂಡು ಬಂದು ಎರಡು ಹಾಸಿಗೆಗಳ ನಡುವೆ ನಿಲ್ಲಿಸಿದಳು. ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೊಂದಿಷ್ಟು ತಳ್ಳಿದಳು.

"ಇಬ್ಬರಿಗೂ ಸಮ ಇರಲಿ ಅಂತ ಸರಿಯಾಗಿ ನಡುವಿಗೆ ಇಟ್ಟಿದ್ದೀನಿ."

ಟೇಪಕ್ಕ ಹಾಸಿಗೆಯಿಂದ ಉರುಳಿಬಿದ್ದಳು. ತೋಳಿನ ಸೂಜಿ ಕಿತ್ತು ಬಂತು, ಬಿಳಿ ಬಟ್ಟೆ ಕೆಂಪಾಯಿತು. ಪುಟ್ಟಿಯನ್ನು ಎದೆಗೆ ಅವಚಿಕೊಂಡು ಭುಜದಿಂದ ತೆರೆಯನ್ನು ದೂಡಿದಳು. ಉಳಿದಿದ್ದ ಎಡಗೈಯನ್ನು ನೆಲಕ್ಕೆ ಹರಡಿ ಅಳೆದಳು.

"ಅಯ್ಯೋ, ಏನ್ರೀ ಇದು!" ನರ್ಸಮ್ಮನಿಗೆ ಗಾಬರಿಯ ನಡುವೆಯೂ ನಗು ಬಂತು. "ಒಂದು ಗೇಣಿಗೆ ಏನಾಗಿಬಿಡುತ್ತೆ?"

ಟೇಪಕ್ಕ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಇನ್ನೊಮ್ಮೆ ಅಳೆದಳು.